ಮಣ್ಣಿನೊಳಗಣ ದುಡಿಮೆಗಾರರು

ಹೋಟೆಲಿಗೆ ಬರುವ ಗಿರಾಕಿಯ ಕಣ್ಣಿಗೆ ಬೀಳುವವರು ಇಬ್ಬರೇ: ತಿಂಡಿಯ ತಟ್ಟೆ ತಂದಿಡುವ ಮಾಣಿ, ಗಲ್ಲಾದಲ್ಲಿ ಕುಳಿತ ಯಜಮಾನ. ಒಳಗೆ ಹಿಟ್ಟು ರುಬ್ಬುವವನು, ಒಲೆಯ ಝಳಕ್ಕೆ ಬೆವರುವ ಭಟ್ಟರು, ಪಾತ್ರೆ ತೊಳೆಯುವ ಹುಡುಗ ಇವರಾರೂ ಅವನಿಗೆ ಕಾಣುವುದಿಲ್ಲ. ಆದರೆ ಇವರು ಒಂದು ದಿನ ಕೈಕಟ್ಟಿ ಕುಳಿತರೆ ಹೋಟೆಲಿನ ಬಾಗಿಲು ತೆಗೆಯುವ ಹಾಗಿಲ್ಲ. ಹೊಲಗದ್ದೆಗಳ ವಿಚಾರವೂ ಹೀಗೆಯೇ. ನಾವು ಕಾಣುವುದು ರೈತನನ್ನು ಮತ್ತು ಪೈರನ್ನು. ಇವರಿಬ್ಬರ ನಡುವೆ, ಮಣ್ಣಿನ ಕತ್ತಲೆಯಲ್ಲಿ ಹಗಲಿರುಳು ದುಡಿಯುವ ಕೋಟ್ಯನುಕೋಟಿ ಜೀವಿಗಳಿವೆ.

ಇಂದು ಹಲವು ದೇಶಗಳ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ತರುಣ ತರುಣಿಯರು ಈ ಜೀವಿಗಳನ್ನು ಎಣಿಸುವುದಕ್ಕಾಗಿಯೇ ತಮ್ಮ ಆಯುಷ್ಯದ ಮೂರು ನಾಲ್ಕು ವರ್ಷಗಳನ್ನು ಮೀಸಲಿಟ್ಟು ಡಾಕ್ಟರೇಟ್ ಪದವಿಗೆ ಪ್ರಬಂಧ ಬರೆಯುತ್ತಿದ್ದಾರೆ. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ನಮ್ಮಂಥವರಿಗೆ "ಹುಳು ಎಣಿಸುವುದಕ್ಕೂ ಒಂದು ಪದವಿಯೇ?" ಎಂದು ನಗು ಬಂದರೆ ಆಶ್ಚರ್ಯವಿಲ್ಲ. ಆದರೆ ಊರಿನಲ್ಲಿ ಅಂಗೈಯಗಲ ಭೂಮಿಯನ್ನಾದರೂ ಉಳಿಸಿಕೊಂಡಿರುವ ಪ್ರತಿಯೊಬ್ಬ ಕನ್ನಡಿಗನೂ ಆ ಎಣಿಕೆಯ ಫಲವನ್ನು ಅರಿತಿರುವುದು ಲೇಸು.

ಡಾರ್ವಿನ್ನರ ತಾಳ್ಮೆ

ಈ ವಿದ್ಯೆಗೆ ಹಾದಿ ಹಾಕಿದವರು ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್. ಎರೆಹುಳುವಿನ ವಿಷಯವಾಗಿ ಅವರು ಮೊದಲ ಪ್ರಬಂಧವನ್ನು ಓದಿದುದು 1837ರಲ್ಲಿ. ಅದೇ ವಿಷಯದ ಗ್ರಂಥವನ್ನು ಪ್ರಕಟಿಸಿದುದು 1881ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ. 1842ರಲ್ಲಿ ತಮ್ಮ ಮನೆಯ ಸಮೀಪದ ಹುಲ್ಲುಗಾವಲಿನ ಮೇಲೆ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ ಅವರು ಸುಮ್ಮನಾದರು. 29 ವರ್ಷಗಳ ಬಳಿಕ, 1871ರಲ್ಲಿ, ಅಲ್ಲಿ ಕಂದಕ ತೋಡಿಸಿ ನೋಡಿದಾಗ ಆ ಬಿಳಿಯ ಚೂರುಗಳ ಸಾಲು 7 ಅಂಗುಲ ಕೆಳಗೆ ಇತ್ತು! ಯಾರೂ ಅವನ್ನು ಹೂಳಿರಲಿಲ್ಲ. ಎರೆಹುಳುಗಳು ಕೆಳಗಿನ ಮಣ್ಣನ್ನು ತಿಂದು, ಹಿಕ್ಕೆಯ ರೂಪದಲ್ಲಿ ಮೇಲಕ್ಕೆ ತಂದು ಸುರಿದಿದ್ದವು. ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಒಂದೆಕರೆಗೆ ವರ್ಷವೊಂದಕ್ಕೆ 10 ಟನ್ನಿಗೂ ಮಿಕ್ಕಿ ಮಣ್ಣು ಹೀಗೆ ಹುಳುಗಳ ಒಡಲೊಳಗಿಂದ ಹಾದು ಮೇಲೆ ಬರುತ್ತದೆಂದು ಅವರು ಲೆಕ್ಕ ಕಟ್ಟಿದರು. ಮನುಷ್ಯನು ನೇಗಿಲನ್ನು ಕಂಡುಹಿಡಿಯುವ ಎಷ್ಟೋ ಮೊದಲೇ ಭೂಮಿಯನ್ನು ಉಳುತ್ತಿದ್ದವರು ಇವರೇ ಎಂಬುದು ಆ ಗ್ರಂಥದ ಸಾರ.

ಎಣಿಸುವ ಬಗೆ

ಎರೆಹುಳು ಕಣ್ಣಿಗೆ ಕಾಣುವ ಪ್ರಾಣಿ. 25 ಸೆಂಟಿಮೀಟರು ಚೌಕದ, 30 ಸೆಂಟಿಮೀಟರು ಆಳದ ಗುಂಡಿ ತೋಡಿ, ಆ ಮಣ್ಣನ್ನು ಬಟ್ಟೆಯ ಮೇಲೆ ಹರಡಿ, ಒಂದೊಂದು ಹೆಂಟೆಯನ್ನೂ ಪುಡಿಮಾಡಿ ಅದನ್ನು ಆಯ್ದು ತೆಗೆಯಬಹುದು. ಆದರೆ ಕಣ್ಣಿಗೆ ಸರಿಯಾಗಿ ಕಾಣದವುಗಳ ಗತಿಯೇನು? ನಮ್ಮ ತೆಂಗಿನ ತೋಟಗಳಿಗೆ ಕಾಟ ಕೊಟ್ಟ ನುಸಿಯ ದೂರದ ಬಳಗಕ್ಕೆ ಸೇರಿದ, ಆದರೆ ಮಣ್ಣಿನಲ್ಲಿ ಉಪಕಾರಿಗಳಾಗಿರುವ ನುಸಿಗಳಿವೆ. ಹೊಟ್ಟೆಯಡಿ ಮಡಚಿಟ್ಟ ಕವೆಯಂಥ ಬಾಲವನ್ನು ಚಿಮ್ಮಿ ನೆಗೆಯುವ ಪುಟ್ಟ ಹುಳುಗಳಿವೆ. ಇವುಗಳಿಗಾಗಿ ಇಟಲಿಯ ಬರ್ಲೀಸೆ ಎಂಬವರು 1905ರಲ್ಲಿ ಒಂದು ಆಲಿಕೆಯ ಉಪಾಯ ಹೂಡಿದರು. ಸ್ವೀಡನ್ನಿನ ಟುಲ್‌ಗ್ರೆನ್ 1918ರಲ್ಲಿ ಅದಕ್ಕೆ ವಿದ್ಯುದ್ದೀಪ ಜೋಡಿಸಿದರು. ಜರಡಿಯ ಮೇಲೆ ಮಣ್ಣು, ಮೇಲೆ ದೀಪ, ಕೆಳಗೆ ಆಲಿಕೆ, ಅದರ ಬಾಯಿಗೆ ಮದ್ಯಸಾರದ ಸೀಸೆ. ದೀಪದ ಕಾವಿಗೆ ಮಣ್ಣು ಒಣಗುತ್ತ ಬಂದಂತೆ ಜೀವಿಗಳು ತಂಪನ್ನರಸಿ ಕೆಳಗಿಳಿದು ಸೀಸೆಗೆ ಬೀಳುತ್ತವೆ. ಬಳಿಕ ಸೂಕ್ಷ್ಮದರ್ಶಕದ ಮುಂದೆ ಕುಳಿತು ಒಂದೊಂದರ ಜಾತಿಯನ್ನೂ ಗುರುತಿಸಿ ಬರೆಯಬೇಕು. ಇದನ್ನು ಹತ್ತಾರು ಹೊಲಗಳಲ್ಲಿ, ಮಳೆ, ಚಳಿ, ಬೇಸಗೆಗಳೆನ್ನದೆ ಮಾಡಬೇಕಾದ ಕಾರಣ ವರ್ಷಗಳೇ ಹಿಡಿಯುತ್ತವೆ.

ಈ ಎಣಿಕೆಯ ಉದ್ದೇಶ ಎರಡು ಬಗೆಯ ಹೊಲಗಳನ್ನು ತೂಗಿ ನೋಡುವುದು. ಒಂದು, ಪದೇ ಪದೇ ಉತ್ತು ರಾಸಾಯನಿಕಗಳನ್ನು ಸುರಿದದ್ದು. ಇನ್ನೊಂದು ಪುನಶ್ಚೇತನ ಕೃಷಿಯದು. ಅಮೆರಿಕದ ರಾಬರ್ಟ್ ರೋಡೇಲ್ ಎಂಬವರು 1980ರ ದಶಕದಲ್ಲಿ ಪ್ರಚಾರಕ್ಕೆ ತಂದ ಈ ಹೆಸರಿನ ಅರ್ಥ ಸರಳವಾದುದು: ಬಳಲಿದ ಮಣ್ಣಿಗೆ ಮತ್ತೆ ಜೀವ ತುಂಬುವುದು. ಆದಷ್ಟು ಕಡಿಮೆ ಉಳುವುದು, ನೆಲವನ್ನು ಬರಿದಾಗಿ ಬಿಡದೆ ಹೊದಿಕೆ ಕೊಡುವುದು, ಬೆಳೆ ಬದಲಾಯಿಸುವುದು, ದನಕರುಗಳ ಗೊಬ್ಬರವನ್ನು ನೆಲಕ್ಕೇ ಮರಳಿಸುವುದು ಇದರ ನಿಯಮಗಳು.

ಲೆಕ್ಕ ಹೇಳುವ ಮಾತು

ಈ ಬಗೆಯ ಎಣಿಕೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡುದೇನು? ಉಳುಮೆಯನ್ನು ನಿಲ್ಲಿಸಿದ ಹೊಲಗಳಲ್ಲಿ ಎರೆಹುಳುಗಳ ಸಂಖ್ಯೆ ಸರಾಸರಿ ಶೇಕಡಾ 137ರಷ್ಟು ಹೆಚ್ಚಿದುದಾಗಿ 2017ರ ವಿಮರ್ಶೆಯೊಂದು ತಿಳಿಸಿತು. ಎರೆಹುಳುಗಳಿರುವ ಮಣ್ಣಿನಲ್ಲಿ ಇಳುವರಿ ಸರಾಸರಿ ಶೇಕಡಾ 25ರಷ್ಟು ಹೆಚ್ಚೆಂದು 2014ರ ಇನ್ನೊಂದು ವಿಮರ್ಶೆ ತೋರಿಸಿತು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಕೊಯ್ಲಿನ ಕೂಳೆ, ಕಸಕಡ್ಡಿಗಳನ್ನು ಮಣ್ಣಿಗೆ ಮರಳಿಸಿದಲ್ಲಿ ಮಾತ್ರ ಈ ಲಾಭ ಚೆನ್ನಾಗಿ ಕಾಣುತ್ತದೆ. ಸಾರಜನಕದ ಗೊಬ್ಬರವನ್ನು ಧಾರಾಳವಾಗಿ ಸುರಿದಲ್ಲಿ ಅದು ಇಲ್ಲವಾಗುತ್ತದೆ. ಏಕೆಂದರೆ ಕಸದಲ್ಲಿ ಸೆರೆಯಾಗಿರುವ ಸಾರಜನಕವನ್ನು ಬಿಡಿಸಿ ಬೇರಿಗೆ ಉಣಿಸುವುದೇ ಹುಳುವಿನ ಮುಖ್ಯ ಕೆಲಸ. ದುಡಿಯುವವನಿಗೆ ಕೂಳೂ ಬೇಕು, ಕೆಲಸವೂ ಬೇಕು ಎಂಬ ನ್ಯಾಯ ಮಣ್ಣಿನೊಳಗೂ ಉಂಟು.

ಕೀಟನಾಶಕಗಳ ವಿಷಯ ಇನ್ನೂ ಗಂಭೀರವಾದುದು. ಸುಮಾರು 400 ಸಂಶೋಧನೆಗಳನ್ನು ಪರಿಶೀಲಿಸಿದ 2021ರ ವರದಿಯ ಪ್ರಕಾರ, ಮಣ್ಣಿನ ಜೀವಿಗಳ ಮೇಲೆ ಅವುಗಳ ಪರಿಣಾಮವನ್ನು ಅಳೆದ ಪ್ರಸಂಗಗಳಲ್ಲಿ ಶೇಕಡಾ 70.5ರಲ್ಲಿ ಕೆಡುಕೇ ಕಂಡುಬಂದಿದೆ. ಪೀಡೆಗಳನ್ನು ಕೊಲ್ಲಲು ಹೊರಟ ವಿಷ, ಆ ಪೀಡೆಗಳನ್ನು ತಿಂದು ಬದುಕುವ ಜೇಡ, ಜರಿ, ಜೀರುಂಡೆಗಳನ್ನೂ ಕೊಲ್ಲುತ್ತದೆ.

"ಇದೆಲ್ಲ ಸರಿ, ರೈತನ ಹೊಟ್ಟೆ ತುಂಬುವುದೇ?" ಎಂಬ ಪ್ರಶ್ನೆ ನ್ಯಾಯವಾದುದು. ಅಮೆರಿಕದ ಉತ್ತರದ ಬಯಲುಸೀಮೆಯ ಮೆಕ್ಕೆಜೋಳದ ಹೊಲಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಮುಚ್ಚುಮರೆಯಿಲ್ಲದ ಉತ್ತರ ಕೊಟ್ಟಿದೆ. ಪುನಶ್ಚೇತನ ಕೃಷಿಯ ಹೊಲಗಳಲ್ಲಿ ಇಳುವರಿ ಶೇಕಡಾ 29ರಷ್ಟು ಕಡಿಮೆ. ಲಾಭ ಮಾತ್ರ ಶೇಕಡಾ 78ರಷ್ಟು ಅಧಿಕ. ಬೀಜ ಗೊಬ್ಬರಗಳ ಖರ್ಚು ಇಳಿದುದೂ, ಧಾನ್ಯಕ್ಕೆ ಉತ್ತಮ ಬೆಲೆ ದೊರೆತುದೂ ಕಾರಣ. ಕೀಟನಾಶಕ ಹಾಕಿದ ಹೊಲಗಳಲ್ಲಿಯೇ ಪೀಡೆಗಳು ಹತ್ತು ಪಟ್ಟು ಹೆಚ್ಚಿದ್ದವು! ವ್ಯಾಪಾರ ಬಲ್ಲವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ: ಗಲ್ಲಾಕ್ಕೆ ಬಿದ್ದುದೆಲ್ಲ ಲಾಭವಲ್ಲ, ಖರ್ಚು ಕಳೆದು ಉಳಿದುದು ಲಾಭ. ಆದರೂ ಅಲ್ಲಿನ ಲೆಕ್ಕ ಅಲ್ಲಿನದು. ಒಳ್ಳೆಯ ಬೆಲೆ ಕೊಡುವ ಮಾರುಕಟ್ಟೆಯಿಲ್ಲದೆ ಇಳುವರಿ ಇಳಿದರೆ ಬಡ ರೈತ ತಡೆದುಕೊಳ್ಳಲಾರ. ಆದ್ದರಿಂದ ಇಡೀ ಗದ್ದೆಯನ್ನು ಒಮ್ಮೆಗೇ ಬದಲಿಸದೆ, ಒಂದು ಮೂಲೆಯಲ್ಲಿ ಪರೀಕ್ಷಿಸಿ ನೋಡುವುದು ಜಾಣತನ.

ನಮ್ಮಲ್ಲಿಯೂ ಉಂಟು

ಇದು ಪರದೇಶದ ವಿದ್ಯೆಯಷ್ಟೇ ಎಂದು ಭಾವಿಸಬೇಕಾಗಿಲ್ಲ. 1924ರಲ್ಲಿ ಇಂದೂರಿನಲ್ಲಿ ಸಂಶೋಧನಾಲಯ ಸ್ಥಾಪಿಸಿದ ಆಲ್ಬರ್ಟ್ ಹೋವರ್ಡರು ಭಾರತದ ರೈತರನ್ನೂ ನೋಡಿ ಕಲಿತು, ಕಸ ಸಗಣಿಗಳಿಂದ ಗೊಬ್ಬರ ಮಾಡುವ ಇಂದೂರು ಪದ್ಧತಿಯನ್ನು ಯಶವಂತ ವಾಡ್ ಅವರೊಡನೆ ರೂಪಿಸಿ, 1931ರಲ್ಲಿ ಪುಸ್ತಕವಾಗಿ ಜಗತ್ತಿಗೆ ನೀಡಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆಯವರು ಎರೆಹುಳುಗಳ ಮೇಲೆ ದೀರ್ಘಕಾಲ ದುಡಿದು ಎರೆಗೊಬ್ಬರದ ವಿದ್ಯೆಯನ್ನು ಬೆಳೆಸಿದರು. ಇನ್ನು ಕರಾವಳಿ ಮಲೆನಾಡುಗಳಲ್ಲಿ ಹಟ್ಟಿಗೆ ಸೊಪ್ಪು ಹಾಸಿ, ಅದನ್ನೇ ಗೊಬ್ಬರವಾಗಿಸಿ ಗದ್ದೆ ತೋಟಗಳಿಗೆ ಹೊತ್ತ ನಮ್ಮ ಹಿರಿಯರು ಪದವಿ ಪಡೆದವರಲ್ಲದಿದ್ದರೂ ಮಣ್ಣಿನ ಜೀವಿಗಳಿಗೆ ಊಟವಿಟ್ಟವರೇ ಸರಿ.

ಪರಊರಿನಲ್ಲಿ ಬೆವರು ಸುರಿಸಿ ನಾವು ಮನೆಗೆ ಕಳುಹಿಸುವ ಹಣದಲ್ಲಿ ಒಂದು ಪಾಲು ಗೊಬ್ಬರದ ಮೂಟೆಗೂ ವಿಷದ ಡಬ್ಬಿಗೂ ಹೋಗುತ್ತಿರುವುದು ಅನೇಕ ಮನೆಗಳ ಸಂಗತಿ. ಆ ಹಣ ಮಣ್ಣನ್ನು ಉಳಿಸುತ್ತಿದೆಯೋ ಕೊಲ್ಲುತ್ತಿದೆಯೋ ಎಂದು ವಿಚಾರಿಸುವ ಹಕ್ಕು ಕಳುಹಿಸುವವನಿಗೆ ಉಂಟು. ಮುಂದಿನ ಮಳೆಗಾಲದಲ್ಲಿ ಊರಿಗೆ ಹೋದಾಗ ಗದ್ದೆಯ ಬದುವಿನಲ್ಲಿಯೂ ಗದ್ದೆಯೊಳಗೆ ನೀರು ನಿಲ್ಲದ ಕಡೆಯೂ ಗೇಣುದ್ದದ ಒಂದೊಂದು ಗುಂಡಿ ತೋಡಿ, ಎರೆಹುಳುಗಳನ್ನು ಎಣಿಸಿ ನೋಡಿರಿ. ಬದುವಿನಲ್ಲಿ ಇದ್ದು ಒಳಗೆ ಇಲ್ಲವಾದರೆ, ತಮ್ಮನೊಡನೆಯೋ ಅಣ್ಣನೊಡನೆಯೋ ಕುಳಿತು ಮಾತನಾಡಿರಿ. ತರಗೆಲೆಗೆ ಬೆಂಕಿಯಿಡುವ ಬದಲು ಮರದ ಬುಡಕ್ಕೆ ಹಾಸಲು ಹೇಳಿರಿ. ಇದಕ್ಕೆ ಕಾಸು ಖರ್ಚಿಲ್ಲ. ನಾವು ನಿವೃತ್ತರಾಗಿ ಮರಳುವ ದಿನ ಆ ಭೂಮಿ ನಮ್ಮನ್ನು ಸಾಕುವ ಸ್ಥಿತಿಯಲ್ಲಿರಬೇಕಾದರೆ, ಅದರೊಳಗಿನ ದುಡಿಮೆಗಾರರು ಅಂದಿನವರೆಗೂ ಬದುಕಿರಬೇಕು.