ಸೊಂಟದಿಂದ ಪಿಸ್ತೂಲು ಎಳೆಯೋದು ಅಂದ್ರೆ ಹುಡುಗಾಟವಲ್ಲ!

ಖಳನಾಯಕನ ಕೈಯಲ್ಲಿ ಆಗಲೇ ರಿವಾಲ್ವರ್. ನಾಯಕನ ಕೈ ಇನ್ನೂ ಖಾಲಿ. ಮರುಕ್ಷಣ... ಢಂ! ಬಿದ್ದವನು ಖಳನಾಯಕ. ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ!

ನಾಯಕನ ಸೊಂಟದ ಪಿಸ್ತೂಲು ಕೈಗೆ ಬಂದದ್ದು ಯಾವಾಗ? ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಎಷ್ಟೋ ಚಿತ್ರಗಳಲ್ಲಿ ಅದು ಬಂದಿರುವುದೇ ಇಲ್ಲ! ಒಂದು ಶಾಟಿನಲ್ಲಿ ಕೈ ಸೊಂಟದ ಮೇಲೆ, ಮುಂದಿನ ಶಾಟಿನಲ್ಲಿ ಪಿಸ್ತೂಲು ಕೈಯಲ್ಲಿ. ನಡುವಿನದನ್ನು ಸಂಕಲನಕಾರರ ಕತ್ತರಿ ನುಂಗಿರುತ್ತದೆ. ರೀಲಿನ ಕಾಲದಲ್ಲಿ ಇನ್ನೊಂದು ಉಪಾಯವೂ ಇತ್ತು. ಸೆಕೆಂಡಿಗೆ 24 ಫ್ರೇಮಿನ ಬದಲು 18 ಅಥವಾ 20 ತೆಗೆದು, ತೆರೆಯ ಮೇಲೆ 24ರ ವೇಗದಲ್ಲಿ ಓಡಿಸಿದರೆ ಆಮೆಯ ಕೈಯೂ ಮಿಂಚಾಗುತ್ತದೆ.

1968ರಲ್ಲಿ ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ಯಲ್ಲಿ ಡಾ. ರಾಜ್ ಸಿ.ಐ.ಡಿ. 999 ಆಗಿ ಬಂದರು. ಅಲ್ಲಿಂದ ಕನ್ನಡದ ನಾಯಕನ ಕೈಗೂ ಪಿಸ್ತೂಲು ಒಗ್ಗಿತು.

ಹಾಲಿವುಡ್ಡಿನವರು ಇದನ್ನೊಂದು ವಿದ್ಯೆಯಾಗಿಯೇ ಕಲಿತರು. ಆರ್ವೊ ಒಜಾಲ ಎಂಬಾತ ಕೌಬಾಯ್ ನಟರಿಗೆ ಪಿಸ್ತೂಲು ಎಳೆಯುವುದನ್ನು ಹೇಳಿಕೊಡುವ ಮೇಷ್ಟ್ರು. ಒಳಗೆ ಲೋಹದ ತಗಡು ಕೂರಿಸಿದ ಚರ್ಮದ ಚೀಲವನ್ನೂ ಮಾಡಿದ. 1955ರಲ್ಲಿ ಶುರುವಾದ ‘ಗನ್‌ಸ್ಮೋಕ್’ ಟಿ.ವಿ. ಧಾರಾವಾಹಿಯ ಆರಂಭದ ದೃಶ್ಯದಲ್ಲಿ ನಾಯಕನ ಎದುರು ನಿಂತು ಸೋಲುತ್ತಿದ್ದವನೂ ಅವನೇ. ಗುರುವೇ ಸೋಲಬೇಕು, ಸಿನಿಮಾ ಧರ್ಮ!

ಹಿತ್ತಲೇ ಗರಡಿ

ನಾಗಮಂಗಲ ತಾಲ್ಲೂಕಿನ ನಮ್ಮ ದೇವಲಾಪುರದ ಕಡೆ ಒಬ್ಬ ಯಜಮಾನರಿದ್ದಾರೆ. ಪೊಲೀಸ್ ಇಲಾಖೆಯಲ್ಲಿ ಫೈರಿಂಗ್ ಕಲಿಸಿ ನಿವೃತ್ತರಾದವರು. ಈಗ ರಾಗಿ ಹೊಲ, ಎರಡು ಹಸು. ಹೆಸರು ಹಾಕಬೇಡ ಎಂದಿದ್ದಾರೆ. ಬೆಂಗಳೂರಿನಲ್ಲಿ ಚಾನ್ಸಿಗಾಗಿ ಅಲೆಯುತ್ತಿರುವ ಊರಿನ ಹುಡುಗನೊಬ್ಬನಿಗೆ ಇನ್‌ಸ್ಪೆಕ್ಟರ್ ವೇಷ ಸಿಕ್ಕಿದೆ. ಅವರ ಹಿತ್ತಲಿನಲ್ಲಿ ಮರದ ಪಿಸ್ತೂಲು ಹಿಡಿದು ಪಾಠ ಹೇಳಿಸಿಕೊಳ್ಳುತ್ತಿದ್ದಾನೆ. ನಾನೂ ಹೋಗಿ ಕೂತೆ.

ಹುಡುಗ ಸರ್ರನೆ ಎಳೆದ. ನನಗಂತೂ ಭೇಷ್ ಅನ್ನಿಸಿತು. ಯಜಮಾನರು ನಗಲಿಲ್ಲ.

“ನಿನ್ ತೊಡೆ ಹೋಯ್ತು ಕಣ್ಲಾ!”

“ಯಾಕ್ ದೊಡ್ಡಪ್ಪಾ?”

“ಬೆರಳು ಎಲ್ಲೈತೆ ನೋಡ್ಕೊ.”

ಬೆರಳು ಆಗಲೇ ಟ್ರಿಗರಿನ ಮೇಲಿತ್ತು!

ಆಮೇಲೆ ಒಂದೊಂದೇ ಬಿಡಿಸಿ ಹೇಳಿದರು. ಪಿಸ್ತೂಲು ಚೀಲದಲ್ಲಿರುವಾಗಲೇ ಹಿಡಿ ಪೂರ್ತಿ ಕೂರಬೇಕು, ಎತ್ತಿದ ಮೇಲೆ ಸರಿಮಾಡಿಕೊಳ್ಳೋದಲ್ಲ. ಅಷ್ಟರಲ್ಲಿ ಎಡಗೈ ಎದೆಗೆ ಒರಗಿರಬೇಕು, ನಳಿಗೆಯ ಮುಂದೆ ಸುಳಿಯಕೂಡದು. ನೆಟ್ಟಗೆ ಮೇಲಕ್ಕೆ ಎಳೆದು ಮೂತಿಯನ್ನು ಗುರಿಯತ್ತ ತಿರುಗಿಸಬೇಕು. ಎದೆಯ ಮುಂದೆ ಎರಡು ಕೈ ಕೂಡಬೇಕು, ಕೂಡಿ ಮುಂದಕ್ಕೆ ಚಾಚಬೇಕು. ಅಲ್ಲಿಯವರೆಗೂ ಬೆರಳು ಟ್ರಿಗರಿನ ಹೊರಗೆ ನೆಟ್ಟಗಿರಬೇಕು. ಕಣ್ಣು ಗುರಿಗೆ ಕೂತ ಮೇಲೆ ಮೆಲ್ಲಗೆ ಒತ್ತೋದು.

“ಬಿರುಸು ಆಮ್ಯಾಕೆ ಬತ್ತದೆ. ಮೊದ್ಲು ನೂರ್ ಸಲ ನಿಧಾನಕ್ಕೆ ಎಳಿ. ಬತ್ತ ಕುಟ್ಟೋಳು ಒನಕೆ ನೋಡ್ತಾಳಾ? ಕೈ ತಾನೇ ಕಲೀತದೆ.”

ರೇಂಜಿನಲ್ಲೂ ಅಷ್ಟೇ. ಪಳಗಿದವರು ಒಂದೂವರೆ ಸೆಕೆಂಡಿನ ಆಸುಪಾಸಿನಲ್ಲಿ ಎಳೆದು ಗುಂಡು ಹಾರಿಸುತ್ತಾರೆ. ಆದರೆ ಗುಂಡು ಗುರಿ ತಪ್ಪಿದರೆ ಆ ಬಿರುಸಿಗೆ ಬೆಲೆಯಿಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಚೀಲವೇ ಇಲ್ಲ. ತೋಳು ಕೆಳಕ್ಕೆ ಇಳಿಬಿಟ್ಟಿರಬೇಕು, ಸೂಚನೆ ಬಂದಾಗ ಎತ್ತಿ ಐದು ಗುರಿಗೆ ಐದು ಗುಂಡು. ಅರ್ಹತಾ ಸುತ್ತಿನಲ್ಲಿ ಅದಕ್ಕೆ ಕೊಡುವ ಸಮಯ ಮೊದಲು 8 ಸೆಕೆಂಡು, ಆಮೇಲೆ 6, ಕೊನೆಗೆ ನಾಲ್ಕೇ!

ರಿಹರ್ಸಲಿನಲ್ಲೇ ಹೋದ ಜೀವ

ಸಿನಿಮಾದ್ದು ಡಮ್ಮಿ ತಾನೇ, ಬೆರಳು ಎಲ್ಲಿದ್ದರೇನು ಅನ್ನುತ್ತೀರಾ? ಕೇಳಿ.

2021ರ ಅಕ್ಟೋಬರ್ 21. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ‘ರಸ್ಟ್’ ಚಿತ್ರದ ಸೆಟ್ಟು. ನಟ ಅಲೆಕ್ ಬಾಲ್ಡ್ವಿನ್ ರಿವಾಲ್ವರನ್ನು ಅಡ್ಡಕ್ಕೆ ಎಳೆಯುವ ಅಭ್ಯಾಸದಲ್ಲಿದ್ದರು. ಅದರಲ್ಲಿ ಗುಂಡಿಲ್ಲ ಎಂದೇ ಅವರಿಗೆ ಹೇಳಲಾಗಿತ್ತು. ಇದ್ದದ್ದು ನಿಜವಾದ ಗುಂಡು! ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು, ನಿರ್ದೇಶಕ ಜೋಯಲ್ ಸೋಜಾ ಗಾಯಗೊಂಡರು. ಟ್ರಿಗರ್ ಒತ್ತಲೇ ಇಲ್ಲ ಎಂದರು ಬಾಲ್ಡ್ವಿನ್. ಅವರ ಮೇಲಿನ ಮೊಕದ್ದಮೆ 2024ರ ಜುಲೈನಲ್ಲಿ ವಜಾ ಆಯಿತು. ಆಯುಧಗಳ ಉಸ್ತುವಾರಿ ಹೊತ್ತಿದ್ದಾಕೆಗೆ ಅದೇ ವರ್ಷ 18 ತಿಂಗಳ ಸಜೆಯಾಗಿತ್ತು.

1993ರ ಮಾರ್ಚಿನಲ್ಲಿ ಬ್ರೂಸ್ ಲೀ ಮಗ ಬ್ರಾಂಡನ್ ಲೀಗೆ ಜೀವ ತೆಗೆದ ಗುಂಡೇಟು ಬಿದ್ದದ್ದೂ ಸೆಟ್ಟಿನಲ್ಲೇ. ನಳಿಗೆಯಲ್ಲಿ ಸಿಕ್ಕಿಕೊಂಡಿದ್ದ ಗುಂಡಿನ ತುದಿಯನ್ನು ಯಾರೂ ನೋಡಲಿಲ್ಲ. ಹಿಂದಿನಿಂದ ಹಾರಿಸಿದ ಖಾಲಿ ತೋಟಾದ ಒತ್ತಡ ಅದನ್ನು ಹೊರದಬ್ಬಿತು. ನಮ್ಮಲ್ಲೂ 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರೀಕರಣದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್, ಉದಯ್ ಮೇಲೆ ಬರಲಿಲ್ಲ. ಅಲ್ಲಿ ಪಿಸ್ತೂಲಿರಲಿಲ್ಲ. ಆದರೆ ಶಾಟ್ ಮುಗಿದರೆ ಸಾಕು ಅನ್ನುವ ಅವಸರಕ್ಕೆ ನೀರೂ ಒಂದೇ, ಗುಂಡೂ ಒಂದೇ.

ಯಜಮಾನರ ಕಾನೂನು ಸಣ್ಣದು. ಕೈಗೆ ಕೊಟ್ಟವರು ಖಾಲಿ ಅಂದರೂ ಬಿಚ್ಚಿಸಿ ನೀನೇ ನೋಡು. ಅಭ್ಯಾಸ ಮಾಡುವ ಕೋಣೆಯಲ್ಲಿ ಗುಂಡು ಇರಲೇಬಾರದು. ಮನುಷ್ಯನ ಕಡೆ, ಕ್ಯಾಮೆರಾ ಕಡೆ ಮೂತಿ ತಿರುಗಿಸಬೇಡ, ಪಕ್ಕಕ್ಕೆ ಹಿಡಿ. ಎದುರಿಗೇ ಹಿಡಿದಂತೆ ತೋರಿಸೋದು ಕ್ಯಾಮೆರಾದವರ ಕೆಲಸ.

ಇನ್ಮೇಲೆ ತೆರೆಯ ಮೇಲೆ ಯಾರಾದರೂ ಪಿಸ್ತೂಲು ಎಳೆದರೆ, ಪ್ರಿಯ ಓದುಗರೇ, ಮೊದಲು ಅವನ ಬೆರಳು ನೋಡಿ. ಟ್ರಿಗರಿನ ಹೊರಗೆ ನೆಟ್ಟಗಿದ್ದರೆ ಒಂದು ಶಿಳ್ಳೆ ಜಾಸ್ತಿ ಹೊಡೆಯಿರಿ. ಅವನಿಗೆ ಯಾರೋ ಸರಿಯಾಗಿ ಕಲಿಸಿದ್ದಾರೆ!