ನಳದಿಂದ ಲೋಟದವರೆಗೆ

‘ನಳ ಬಂತು!’ ಎಂಬ ಕೂಗು ಎದ್ದರೆ ಸಾಕು, ಹುಬ್ಬಳ್ಳಿ–ಧಾರವಾಡದ ಎಷ್ಟೋ ಓಣಿಗಳಲ್ಲಿ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಕೊಡ, ಬಿಂದಿಗೆ, ಬ್ಯಾರಲ್ ಹಿಡಿದು ಓಡುತ್ತಾರೆ. ಅದು ನಡುರಾತ್ರಿಯಾದರೂ ಸರಿ. ಮುಂದಿನ ಸರದಿ ಬರುವವರೆಗೆ ಇಡೀ ಮನೆ ಆ ನೀರಿನಲ್ಲೇ ಸಾಗಬೇಕು.

2010–11ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು ಈ ಅವಳಿ ನಗರದ ನೀರನ್ನು ಪರೀಕ್ಷಿಸಿದರು. ಆಗ ಕೆಲವು ವಾರ್ಡ್‌ಗಳಲ್ಲಿ ದಿನದ 24 ಗಂಟೆ ನೀರು ಬರುತ್ತಿತ್ತು, ಉಳಿದೆಡೆ ಕೆಲವು ದಿನಗಳಿಗೊಮ್ಮೆ. ಸದಾ ನೀರು ಬರುವ ನಳಗಳಲ್ಲಿ ಮಲದ ಸಂಪರ್ಕವನ್ನು ಸೂಚಿಸುವ ಇ. ಕೋಲಿ ಬ್ಯಾಕ್ಟೀರಿಯಾ ಕಂಡದ್ದು ನೂರಕ್ಕೆ ಒಂದಕ್ಕೂ ಕಡಿಮೆ ಮಾದರಿಗಳಲ್ಲಿ. ಬಿಟ್ಟು ಬಿಟ್ಟು ಬರುವ ನಳಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮಾದರಿಯಲ್ಲಿ ಅದು ಸಿಕ್ಕಿತು.

ಕಾರಣ ನೆಲದಡಿ ಇದೆ. ಕೊಳವೆ ತುಂಬಿ ಹರಿಯುವಾಗ ಒಳಗಿನ ಒತ್ತಡವೇ ಹೊರಗಿನ ಕೊಳೆಯನ್ನು ತಡೆಯುತ್ತದೆ. ನೀರು ನಿಂತು ಒತ್ತಡ ಇಳಿದಾಗ, ಬಿರುಕು ಮತ್ತು ಸಡಿಲ ಜೋಡಣೆಗಳ ಮೂಲಕ ಪಕ್ಕದ ಚರಂಡಿಯ ನೀರು ಒಳಗೆ ಜಿನುಗಬಹುದು. ಮತ್ತೆ ನೀರು ಬಿಟ್ಟಾಗ ಮೊದಲು ಹೊರಬರುವುದು ಆ ಕೊಳೆಯೇ.

ನಳದ ನೀರು ಶುದ್ಧವಾಗಿದ್ದರೂ ಮನೆಯೊಳಗೆ ಅದು ಕೆಡಬಹುದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ನೀರಿನಲ್ಲಿ ಉಳಿದಿರಬೇಕು. ಅದೇ ನೀರಿನ ಕಾವಲುಗಾರ. ಕೊಡದಲ್ಲಿ ದಿನಗಟ್ಟಲೆ ನಿಂತ ನೀರಿನಲ್ಲಿ ಕ್ಲೋರಿನ್ ಕಡಿಮೆಯಾಗುತ್ತಾ ಹೋಗುತ್ತದೆ. ಪಾತ್ರೆಯ ಒಳಗೋಡೆಗೆ ಅಂಟಿದ ಲೋಳೆ ಅದನ್ನು ಇನ್ನಷ್ಟು ಬೇಗ ತಿಂದುಹಾಕುತ್ತದೆ. ಆಮೇಲೆ ಯಾರೋ ಲೋಟ ಅದ್ದುತ್ತಾರೆ, ಬೆರಳು ನೀರಿಗೆ ತಾಕುತ್ತದೆ. ಕುದಿಸಿದ ನೀರಿಗೂ ಇದೇ ಗತಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಮುಂದೆ ಕಾಯುವ ಯಾವ ಗುಣವೂ ಅದರಲ್ಲಿ ಉಳಿಯುವುದಿಲ್ಲ. ಆರಿದ ಮೇಲೆ ಅದನ್ನು ತೊಳೆಯದ ಕೊಡಕ್ಕೆ ಸುರಿದರೆ ಉರಿಸಿದ ಗ್ಯಾಸೂ ವ್ಯರ್ಥ.

ಪಾತ್ರೆಯ ಬಾಯಿ ಎಷ್ಟು ಮುಖ್ಯ ಎಂಬುದಕ್ಕೆ ಕೋಲ್ಕತ್ತ ಸಾಕ್ಷಿ. 1980ರ ದಶಕದಲ್ಲಿ ಅಲ್ಲಿನ ಕೊಳೆಗೇರಿಗಳಲ್ಲಿ ಕಾಲರಾ ಬಂದವರ ಕೆಲವು ಮನೆಗಳಿಗೆ ‘ಸೊರಾಯಿ’ ಕೊಟ್ಟು ನೋಡಿದರು. ಅದು ನಮ್ಮ ಹೂಜಿಯಂಥ ಕಿರಿದಾದ ಕತ್ತಿನ ಮಣ್ಣಿನ ಪಾತ್ರೆ. ಕೈ ಒಳಗೆ ಹೋಗದು, ಬಗ್ಗಿಸಿಯೇ ನೀರು ಸುರಿದುಕೊಳ್ಳಬೇಕು. ಆ ಮನೆಗಳಲ್ಲಿ ಸೋಂಕು ಉಳಿದವರಿಗೆ ಹರಡುವುದು ಬಹಳಷ್ಟು ತಗ್ಗಿತು.

ಹಾಗೆಂದು ತಪ್ಪನ್ನು ಮನೆಯ ಹೆಣ್ಣುಮಗಳ ತಲೆಗೆ ಕಟ್ಟುವುದು ಅನ್ಯಾಯ. ಸಂಪು, ಮೇಲ್ತೊಟ್ಟಿ, ಫಿಲ್ಟರ್ ಇರುವ ಮನೆಗೆ ನೀರಿನ ಸರದಿ ಅಷ್ಟಾಗಿ ತಟ್ಟುವುದಿಲ್ಲ. ನಾಲ್ಕೇ ಕೊಡ ಇರುವ ಕೂಲಿಕಾರರ ಮನೆಯಲ್ಲಿ ಕುಡಿಯುವುದಕ್ಕೆ, ಬಳಸುವುದಕ್ಕೆ ಬೇರೆ ಬೇರೆ ಪಾತ್ರೆ ಎಲ್ಲಿಂದ ಬರಬೇಕು? ನೀರು ಕಡಿಮೆಯಾದಾಗ ಮೊದಲು ನಿಲ್ಲುವುದು ಕೈ ತೊಳೆಯುವುದು. ತೊಳೆಯದ ಆ ಕೈಯೇ ಮತ್ತೆ ಕೊಡಕ್ಕೆ ಹೋಗುತ್ತದೆ. ನೀರಿನ ಕೊರತೆ ಹೀಗೆ ನೀರಿನ ಕೊಳೆಯಾಗುತ್ತದೆ. ಮಗುವಿನ ಮಲ ತೆಗೆದ ತಾಯಿಗೆ ಸೋಪು ಹಚ್ಚಿ ಕೈ ತೊಳೆಯಲು ಒಂದು ತಂಬಿಗೆ ನೀರು ಮಿಗುವಂತೆ ಮಾಡುವುದು ನಗರಾಡಳಿತದ ಹೊಣೆ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದೂ ಇದೆ. ನಳ ಬಂದಾಗ ಮೊದಲ ನೀರನ್ನು ಬಳಸುವುದಕ್ಕೆ ಹಿಡಿದು, ತಿಳಿಯಾದ ಮೇಲೆ ಕುಡಿಯುವುದಕ್ಕೆ ತುಂಬಿಕೊಳ್ಳಿ. ಕೊಡವನ್ನು ಬರೀ ಗಲಬರಿಸದೆ ಒಳಗೆಲ್ಲ ಉಜ್ಜಿ ತೊಳೆಯಿರಿ. ಮಕ್ಕಳ ಕೈಗೆಟುಕದ ಕಟ್ಟೆಯ ಮೇಲೆ ಮುಚ್ಚಿಡಿ. ನಲ್ಲಿ ಇರುವ ಪಾತ್ರೆಯಾದರೆ ಒಳ್ಳೆಯದು, ಇಲ್ಲದಿದ್ದರೆ ಉದ್ದ ಹಿಡಿಯ ಸೌಟು ಇರಲಿ. ಕುದಿಸಿದ ನೀರನ್ನು ಕುದಿಸಿದ ಪಾತ್ರೆಯಲ್ಲೇ ಇಡಿ.

ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಸರಳ ಸೀಸೆ ಪರೀಕ್ಷೆಯನ್ನು ಗ್ವಾಲಿಯರ್‌ನ ವಿಜ್ಞಾನಿಗಳು 1982ರಲ್ಲೇ ಪ್ರಕಟಿಸಿದ್ದಾರೆ. ಹಳ್ಳಿಗಳ ಮನೆಗಳಿಗೆ ನಳದ ನೀರು ಕೊಡುವ ಕೇಂದ್ರ ಸರ್ಕಾರದ ಜಲ ಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿಯೂ ಉಂಟು. ಅವರು ಒಂದು ಸೀಸೆಗೆ ನಳದ ನೀರನ್ನೂ ಇನ್ನೊಂದಕ್ಕೆ ಅದೇ ಮನೆಯ ಕೊಡದ ನೀರನ್ನೂ ತುಂಬಿಡಲಿ. ಎರಡೂ ಕಪ್ಪಾದರೆ ಪಂಚಾಯಿತಿಯನ್ನು ಕೇಳೋಣ. ಕೊಡದ್ದು ಮಾತ್ರ ಕಪ್ಪಾದರೆ ಆ ಮನೆಯ ಜಗಲಿಯಲ್ಲಿ ಕುಳಿತು, ಎಲ್ಲಿ ಕೆಟ್ಟಿತೆಂದು ಜೊತೆಯಾಗಿ ಹುಡುಕೋಣ.