ಗಣಕಯಂತ್ರದ ಜೀರ್ಣೋದ್ಧಾರ

ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ. ಅಲ್ಲಿನ ಹಳೆಯ ಮನೆಗಳ ಒಡೆಯರನ್ನು ಇಂದು ಕಾಡುವ ಪ್ರಶ್ನೆಯೊಂದುಂಟು: ಇದ್ದ ಗೋಡೆಯ ಮೇಲೆ ಮಹಡಿ ಎಬ್ಬಿಸುವುದೋ, ಎಲ್ಲವನ್ನೂ ಕೆಡವಿ ತಳಪಾಯದಿಂದ ಕಟ್ಟುವುದೋ? ಆ ಮನೆಗಳೊಳಗಿನ ಗಣಕಯಂತ್ರಗಳೂ ಈಗ ಇದೇ ಪ್ರಶ್ನೆಯನ್ನು ಕೇಳುತ್ತಿವೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರಗಳು ಅಂದೇ ನಿಂತುಹೋದುವೆಂದಲ್ಲ. ಬಿರುಕು ಬಿಟ್ಟಲ್ಲಿ ಗಾರೆ ಮೆತ್ತುವವರಿಲ್ಲವಾದರು. ವಿಂಡೋಸ್ 11ಕ್ಕೆ ಹೋಗಬಯಸುವವರ ಮುಂದೆ ಎರಡು ದಾರಿಗಳಿವೆ.

ಒಂದು, ಹಳೆಯದರ ಮೇಲೆಯೇ ಹೊಸದನ್ನು ಕೂರಿಸುವುದು. ಇದಕ್ಕೆ ಅಪ್‌ಗ್ರೇಡ್ ಎಂದು ಹೆಸರು. ಕಡತಗಳು, ತಂತ್ರಾಂಶಗಳು, ಫಾಂಟುಗಳು ಬಹುಮಟ್ಟಿಗೆ ಇದ್ದಲ್ಲೇ ಉಳಿಯುತ್ತವೆ. ಹಳೆಯ ವ್ಯವಸ್ಥೆಯನ್ನು ಸಾಮಾನ್ಯವಾಗಿ ಹತ್ತು ದಿನಗಳ ಕಾಲ ಮಡಿಸಿಟ್ಟಿರುವುದರಿಂದ, ಹೊಸದು ಒಗ್ಗದಿದ್ದರೆ ಅಷ್ಟರೊಳಗೆ ಹಿಂದಿರುಗಬಹುದು. ಆದರೆ ಹಳೆಯ ತೊಡಕುಗಳೂ ಜೊತೆಗೇ ಬಂದಾವು. ಇನ್ನೊಂದು, ಡಿಸ್ಕನ್ನು ಅಳಿಸಿ ಹೊಸದಾಗಿ ಸ್ಥಾಪಿಸುವುದು. ‘ಫಾರ್ಮ್ಯಾಟ್ ಮಾಡಿಬಿಡಿ ಸಾರ್, ಹೊಸದರಂತೆ ಓಡುತ್ತೆ’ ಎಂಬುದು ದುರಸ್ತಿಯ ಅಂಗಡಿಗಳಲ್ಲಿ ಕೇಳಿಬರುವ ಮಾತು. ತೊಳೆದದ್ದೆಲ್ಲ ಶುದ್ಧವೆಂದು ನಂಬುವ ನಮ್ಮ ಮನಸ್ಸಿಗೆ ಅದು ಹಿಡಿಸುತ್ತದೆ. ಸುಳ್ಳೂ ಅಲ್ಲ. ಆದರೆ ಕನ್ನಡದಲ್ಲಿ ಬರೆಯುವವರು ಅದಕ್ಕೆ ಒಪ್ಪುವ ಮುನ್ನ ತುಸು ತಡೆಯಬೇಕು.

ಕಾರಣ ನಮ್ಮ ಅಕ್ಷರಗಳಲ್ಲಿದೆ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಮುಂತಾದ ತಂತ್ರಾಂಶಗಳ ಹಳೆಯ ಕ್ರಮದಲ್ಲಿ ಬೆರಳಚ್ಚಾದ ಕಡತದೊಳಗೆ, ನಿಜವಾಗಿ ನೋಡಿದರೆ, ಕನ್ನಡವೇ ಇರುವುದಿಲ್ಲ. ಅಲ್ಲಿರುವುದು ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಗಳು. ಅವಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟು. ಡಿಸ್ಕನ್ನು ಅಳಿಸಿದಾಗ ಫಾಂಟೂ ಹೋಗುತ್ತದೆ. ಆಮೇಲೆ ಕಾದಂಬರಿಯ ಹಸ್ತಪ್ರತಿಯನ್ನು ತೆರೆದರೆ ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! ಕಡತವೇ ಕೆಟ್ಟಿತೆಂದು ಅದನ್ನು ಎಸೆದುಬಿಡುವುದು ಸುಲಭ. ವಾಸ್ತವವಾಗಿ ಒಂದಕ್ಷರವೂ ಕೆಟ್ಟಿಲ್ಲ; ಅದೇ ಫಾಂಟನ್ನು ಮರಳಿ ಹಾಕಿದರೆ ಕನ್ನಡ ಮೂಡುತ್ತದೆ.

ಆದ್ದರಿಂದ ಅಳಿಸುವ ಮುನ್ನವೇ ಹಳೆಯ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸುವುದು ಮೇಲು. 1991ರ ಮೊದಲ ಆವೃತ್ತಿಯಲ್ಲಿಯೇ ಯೂನಿಕೋಡ್ ಕನ್ನಡಕ್ಕೆ ಅದರದೇ ಸಂಕೇತಗಳನ್ನು ಕೊಟ್ಟಿತು. ಇಲ್ಲಿ ‘ಕ’ ಎಂಬುದು ‘ಕ’ವೇ, ವೇಷವಲ್ಲ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತುಗಳ ಮೇಲೆ ಕಣ್ಣಿರಲಿ. ‘ಸೂರ್ಯ’ ಎಂದು ಬರೆಯುವಾಗ ಹಳೆಯ ಕ್ರಮದಲ್ಲಿ ಅರ್ಕಾವೊತ್ತು ‘ಯ’ದ ಅನಂತರ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರವೇ ಮುಂದೆ. ಈ ಸ್ಥಾನಪಲ್ಲಟದಲ್ಲಿ ಪರಿವರ್ತಕ ಎಡವಬಹುದಾದ್ದರಿಂದ ಮೂಲಪ್ರತಿಯನ್ನು ಕಳೆಯಬಾರದು.

ಇಷ್ಟಾದ ಮೇಲೆ ಆಯ್ಕೆ ಕಠಿಣವಲ್ಲ. ಯಂತ್ರ ಆರೋಗ್ಯವಾಗಿದ್ದರೆ ಅಪ್‌ಗ್ರೇಡ್ ಸಾಕು. ವೈರಸ್ ಹೊಕ್ಕ, ಕಾರಣ ತಿಳಿಯದೆ ಪದೇ ಪದೇ ಮುಗ್ಗರಿಸುವ, ಇನ್ನೊಬ್ಬರ ಕೈಸೇರಲಿರುವ ಯಂತ್ರಕ್ಕೆ ಹೊಸ ಸ್ಥಾಪನೆಯೇ ಸರಿ. ವಿಂಡೋಸ್ 11 ಕೇಳುವ 4 ಜಿಬಿ ಸ್ಮೃತಿ, 64 ಜಿಬಿ ಸ್ಥಳ, ಟಿಪಿಎಂ 2.0 ಎಂಬ ಭದ್ರತಾ ಘಟಕ, ಅದು ಒಪ್ಪುವ ಪ್ರೊಸೆಸರ್ ಇವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

‘ಸಿ ಡ್ರೈವ್ ಮಾತ್ರ ಅಳಿಸುತ್ತೇವೆ’ ಎಂದರೂ ನಿಶ್ಚಿಂತರಾಗಬೇಡಿ. ಡೆಸ್ಕ್‌ಟಾಪಿನಲ್ಲಿ ಕಾಣುವ ಕಡತಗಳು ಸಾಮಾನ್ಯವಾಗಿ ಇರುವುದು ಅಲ್ಲಿಯೇ. ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಪ್ರತಿಮಾಡಿ, ಜೊತೆಗೆ ನುಡಿ, ಬರಹದ ಫಾಂಟುಗಳನ್ನೂ ಇರಿಸಿ, ನಾಲ್ಕಾರು ಹಳೆಯ ಕಡತಗಳನ್ನು ಬೇರೊಂದು ಗಣಕದಲ್ಲಿ ತೆರೆದು ಓದಿ. ಅಂಗಡಿಯವರಿಗೆ ಯಂತ್ರವನ್ನು ಒಪ್ಪಿಸುವುದು ಆಮೇಲಿನ ಮಾತು.